ಹಾಲೇರಿಯ ದೂರದ ಮಗಳು

ತರಗತಿಯಲ್ಲಿ ಹುಟ್ಟುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗಂಟೆ ಬಾರಿಸುವುದರೊಂದಿಗೆ ಮುಗಿದುಹೋಗುತ್ತವೆ. ಎಲ್ಲೋ ಒಂದು ಪ್ರಶ್ನೆ ಮಾತ್ರ ಅಧ್ಯಾಪಕನ ಬೆನ್ನು ಹತ್ತಿ ಮನೆಯವರೆಗೂ ಬರುತ್ತದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಅಂಥ ಒಂದು ಪ್ರಶ್ನೆ ನನಗೆ ಎದುರಾಯಿತು. 1956ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಕಟ್ಟಕಡೆಗೆ 1983ರ ಜ್ಞಾನಪೀಠದ ಗೌರವ ಸಂದಿತು. ಕೊಡಗಿನ ಕೊನೆಯ ಅರಸನ ಪತನವೇ ಅದರ ವಸ್ತು. ಅರಸನ ದುರಾಚಾರ, ರಾಣಿಯ ತಾಳ್ಮೆ, ಮಂತ್ರಿಗಳ ಸಂದಿಗ್ಧ ಇವುಗಳನ್ನೆಲ್ಲ ವಿವರಿಸಿ ಪುಸ್ತಕ ಮಡಚುವ ಹೊತ್ತಿಗೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಅರಸನೊಡನೆ ಇಂಗ್ಲೆಂಡಿಗೆ ಹೋದ ಮಗಳು ಏನಾದಳು ಎಂದು ಕೇಳಿದಳು. ನಾನು ತಿಳಿದಷ್ಟನ್ನು ಹೇಳಿದೆ. ಆಕೆಗೆ ತೃಪ್ತಿಯಾಗಲಿಲ್ಲ. ಅವಳಿಗೆ ಏನಾಯಿತೆಂಬುದನ್ನು ನೀವು ಹೇಳಿದಿರಿ, ಅವಳಿಗೆ ಏನು ಬೇಕಾಗಿತ್ತು ಎಂದು ಮತ್ತೆ ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ನನ್ನಲ್ಲಿ ಉತ್ತರವಿರಲಿಲ್ಲವಾದ್ದರಿಂದ ಆ ಗಂಟೆ ನನ್ನ ಮಾನ ಕಾಯಿತೆಂದೇ ಹೇಳಬೇಕು.

ಆ ಮಗಳ ಹೆಸರು ಗೌರಮ್ಮ. ಕಾದಂಬರಿಯಲ್ಲಿ ಗೌರಮ್ಮಾಜಿ ಎಂಬುದು ರಾಣಿಯ ಹೆಸರಾಗಿರುವುದರಿಂದ ಓದುಗರಲ್ಲಿ ಕೆಲವರಿಗೆ ಗೊಂದಲವಾಗುವುದುಂಟು. ಚರಿತ್ರೆಯ ಗೌರಮ್ಮ ಕೊಡಗಿನ ಅರಮನೆಯಲ್ಲಿ ಹುಟ್ಟಿದವಳಲ್ಲ. ರಾಜ್ಯ ಹೋಗಿ ಏಳು ವರ್ಷಗಳಾದ ಮೇಲೆ, 1841ರ ಜುಲೈಯಲ್ಲಿ, ಸೆರೆಯಾಳಾದ ತಂದೆಯ ಮಗಳಾಗಿ ಆಕೆ ಕಾಶಿಯಲ್ಲಿ ಹುಟ್ಟಿದಳು. ರಾಜಕುಮಾರಿ ಎಂಬ ಬಿರುದು ಹುಟ್ಟಿನಿಂದ ಬಂತು. ರಾಜ್ಯ ಮಾತ್ರ ಬರಲಿಲ್ಲ. ಮುಂದೆ ಆಕೆ ಐರೋಪ್ಯ ರಾಜಕುಮಾರಿಯಂತೆ ಬೆಳೆದು, ಐರೋಪ್ಯ ಹೆಸರನ್ನು ಧರಿಸಿ, ಲಂಡನ್ನಿನ ಮಣ್ಣಿನಲ್ಲಿ ಮಲಗಿದಳು. ಆದರೂ ಆಕೆಯ ಕಥೆಯನ್ನು ನಾವು ನಮ್ಮ ಬೆಟ್ಟಗಳ ನಡುವಿನಿಂದಲೇ ಆರಂಭಿಸಬೇಕು.

ಹಾಲೇರಿ ವಂಶದವರು ಲಿಂಗಾಯತರು. ಕೊಡವರ ನಾಡನ್ನು ಅವರು ಇನ್ನೂರು ವರ್ಷಗಳಿಗೂ ಮೀರಿ ಆಳಿದರು. ಆ ವಂಶದಲ್ಲಿ ಕೀರ್ತಿವಂತನಾದ ದೊಡ್ಡ ವೀರರಾಜೇಂದ್ರನು ಟಿಪ್ಪುವಿಗೆ ಎದುರಾಗಿ ಆಂಗ್ಲರ ಸ್ನೇಹವನ್ನು ಸಂಪಾದಿಸಿದವನು. ಗಂಡು ಸಂತಾನವಿಲ್ಲದ ಆತ ತನ್ನ ಮಗಳು ದೇವಮ್ಮಾಜಿಗೆ ರಾಜ್ಯ ಸಲ್ಲಬೇಕೆಂದು ಬಯಸಿದ. ಅವಳ ಹಿತಕ್ಕೆಂದು ಈಸ್ಟ್ ಇಂಡಿಯಾ ಕಂಪೆನಿಯ ಸಾಲಪತ್ರಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗಳನ್ನೂ ತೊಡಗಿಸಿಟ್ಟ. 1809ರಲ್ಲಿ ಆತ ತೀರಿಕೊಂಡ ಮೇಲೆ ಎಳೆಯ ದೇವಮ್ಮಾಜಿ ಗದ್ದುಗೆಗೆ ಬಂದಳಾದರೂ, 1811ರಲ್ಲಿ ಅವಳ ಚಿಕ್ಕಪ್ಪ ಲಿಂಗರಾಜನು ಅಧಿಕಾರವನ್ನು ತನ್ನದಾಗಿಸಿಕೊಂಡ. ಲಿಂಗರಾಜನ ಮಗನೇ ಚಿಕ್ಕ ವೀರರಾಜೇಂದ್ರ, 1820ರಲ್ಲಿ ಪಟ್ಟವೇರಿದವನು. ತಂದೆಯೊಬ್ಬ ತನ್ನ ಮಗಳಿಗಾಗಿ ಕೂಡಿಟ್ಟ ಈ ಹಣವನ್ನು ಓದುಗರು ನೆನಪಿನಲ್ಲಿಡಬೇಕು. ಆ ಮಗಳಿಗೆ ದಕ್ಕದ ಆ ಹಣವೇ ಮುಂದೆ ಇನ್ನೊಬ್ಬ ತಂದೆಯನ್ನೂ ಇನ್ನೊಬ್ಬ ಮಗಳನ್ನೂ ಸಮುದ್ರದಾಚೆಗೆ ಎಳೆದುಕೊಂಡು ಹೋಯಿತು.

ಚಿಕ್ಕ ವೀರರಾಜೇಂದ್ರನ ಆಳ್ವಿಕೆಯ ಕ್ರೌರ್ಯವನ್ನು ಕುರಿತು ಬರೆದವರೆಲ್ಲ ಬರೆದಿದ್ದಾರೆ. ಅದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಗೆದ್ದವರ ಲೇಖನಿಯಿಂದ ಬಂದುದೂ ಅದರಲ್ಲಿ ಸಾಕಷ್ಟಿದೆಯೆಂಬುದನ್ನು ಮರೆಯಲೂ ಆರೆ. ಅರಸನ ತಂಗಿಯೂ ಅವಳ ಗಂಡ ಚನ್ನಬಸವನೂ ಪ್ರಾಣಭಯದಿಂದ ಮೈಸೂರಿಗೆ ಓಡಿ ಆಂಗ್ಲರ ಆಶ್ರಯ ಪಡೆದುದು ಕಂಪೆನಿಗೆ ಒಳ್ಳೆಯ ನೆಪವಾಯಿತು. 1834ರ ಏಪ್ರಿಲಿನಲ್ಲಿ ಕಂಪೆನಿಯ ಪಡೆಗಳು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕುವು. ಅರಸ ಶರಣಾದ. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರನು ಕೊಡಗು ಕಂಪೆನಿಯ ಆಡಳಿತಕ್ಕೆ ಸೇರಿತೆಂದು ಸಾರಿದ. ಅರಸನನ್ನು ಮೊದಲು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಲಾಯಿತು. ಕಾಶಿಗೆ ಪುಣ್ಯ ಸಂಪಾದನೆಗೆಂದು ಹೋಗುವವರ ನಡುವೆ ಆತ ರಾಜ್ಯ ಕಳೆದುಕೊಂಡು ಹೋದವನು.

ಇತ್ತ ನಮ್ಮ ತುಳುನಾಡಿನ ಸೀಮೆಯಲ್ಲಿ ಏನಾಯಿತೆಂಬುದನ್ನು ಮಂಗಳೂರಿನವರು ಬಲ್ಲರು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪಂಜ, ಬೆಳ್ಳಾರೆಗಳ ಭಾಗಗಳನ್ನು ಕಂಪೆನಿ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ದವಸಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದು ವಿಧಿಸಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ದಂಗೆಯೆದ್ದರು. ಹಾಲೇರಿ ವಂಶದ ವಾರಸುದಾರನೆನಿಸಿಕೊಂಡ ಕಲ್ಯಾಣಸ್ವಾಮಿಯ ಹೆಸರನ್ನು ಮುಂದಿಟ್ಟುಕೊಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಅಲ್ಲಿಂದ ಮಂಗಳೂರಿಗೆ ನಡೆದುಬಂದು, ಏಪ್ರಿಲ್ 5ರಂದು ಗುಡ್ಡದ ಮೇಲೆ ತಮ್ಮ ಬಾವುಟವನ್ನು ಏರಿಸಿದರು. ಆ ಬಾವುಟ ಹದಿಮೂರು ದಿನ ಹಾರಿತೆಂದು ಹೇಳುತ್ತಾರೆ. ಬಳಿಕ ಕಂಪೆನಿಯ ಪಡೆಗಳು ಬಂದುವು. ಮುಂದಾಳುಗಳು ಬಿಕರ್ನಕಟ್ಟೆಯಲ್ಲಿ ನೇಣಿಗೇರಿದರು. ಗುಡ್ಡಕ್ಕೆ ಬಾವುಟಗುಡ್ಡವೆಂಬ ಹೆಸರು ಉಳಿಯಿತು. 2022ರಲ್ಲಿ ಅಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಕೊಡಿಯಾಲ್‌ಬೈಲಿನಿಂದ ಆ ಏರನ್ನು ಹತ್ತಿ ಹೋಗುವಾಗ ನನಗೆ ಈಚೆಗೆ ಒಂದು ಯೋಚನೆ ಬಿಡದೆ ಬರುತ್ತದೆ. ಹಾಲೇರಿ ಮನೆತನದ ಹೆಸರಿನಲ್ಲಿ ನಮ್ಮ ಊರಿನ ಜನ ಪ್ರಾಣ ಕೊಟ್ಟ ನಾಲ್ಕು ವರ್ಷಗಳ ಮೇಲೆ ಆ ಮನೆಯಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ಜನ ಯಾವ ಮನೆಗಾಗಿ ಸತ್ತರೋ ಆ ಮನೆಯ ಮಗು ಯಾವ ಮನೆಯನ್ನೂ ತನ್ನದೆಂದು ಹೇಳಿಕೊಳ್ಳದೆ ಬಾಳಬೇಕಾಯಿತು.

ಕಾಶಿಯ ವಾಸದಲ್ಲಿ ಅರಸನಿಗೆ ವಿಶ್ರಾಂತಿವೇತನವಿತ್ತು, ಪರಿವಾರವಿತ್ತು, ಮಕ್ಕಳಿದ್ದರು. ಇಲ್ಲದಿದ್ದುದು ಕೈಯಲ್ಲಿ ಕೆಲಸ ಮತ್ತು ಮನಸ್ಸಿನಲ್ಲಿ ನೆಮ್ಮದಿ. ರಾಜ್ಯ ಹೋದ ಅರಸರಿಗೆ ಉಳಿಯುವ ರಾಜಕಾರಣವೆಂದರೆ ಮಕ್ಕಳ ಸಂಬಂಧಗಳು. ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರನು ಇಂಗ್ಲೆಂಡಿನ ಪ್ರವಾಸ ಮುಗಿಸಿ 1850ರ ಕೊನೆಯಲ್ಲಿ ಕಾಶಿಯ ದಾರಿಯಾಗಿ ಸ್ವದೇಶಕ್ಕೆ ಮರಳುತ್ತಿದ್ದಾಗ, ಅರಸನ ಒಬ್ಬ ಮಗಳನ್ನು ಅಲ್ಲಿಯೇ ಮದುವೆಯಾದ. ಹೀಗೆ ಕಾವೇರಿಯ ಕಡೆಯ ಹುಡುಗಿಯೊಬ್ಬಳು ಹಿಮಾಲಯದ ತಪ್ಪಲಿಗೆ ಹೋದಳು. ಆಗ ಗೌರಮ್ಮನಿಗೆ ಒಂಬತ್ತು ವರ್ಷ. ಅಕ್ಕನನ್ನು ಉತ್ತರಕ್ಕೆ ಕಳುಹಿಸಿದ ತಂದೆ ತಂಗಿಯನ್ನು ಪಶ್ಚಿಮಕ್ಕೆ ಕರೆದೊಯ್ಯಲು ಸಿದ್ಧನಾದ.

ಇಂಗ್ಲೆಂಡಿಗೆ ಹೋಗಲು ಅರಸನಿಗೆ ಎರಡು ಕಾರಣಗಳಿದ್ದುವು. ದೊಡ್ಡ ವೀರರಾಜೇಂದ್ರನು ಕಂಪೆನಿಯಲ್ಲಿಟ್ಟ ಹಣ ತನಗೆ ವಂಶದ ಹಕ್ಕಿನಿಂದ ಬರಬೇಕೆಂದು ಆತ ವಾದಿಸುತ್ತಿದ್ದ. ಕೊಡಗನ್ನು ಗೆದ್ದ ಮೇಲೆ ಕಂಪೆನಿ ಆ ಹಣವನ್ನೂ ತಡೆಹಿಡಿದಿತ್ತು. ಎರಡನೆಯದು, ಮಗಳಿಗೆ ಇಂಗ್ಲೆಂಡಿನಲ್ಲಿ ವಿದ್ಯೆ ಕೊಡಿಸಿ ಕ್ರೈಸ್ತಮತಕ್ಕೆ ಸೇರಿಸಬೇಕೆಂಬ ಕೋರಿಕೆ. ಮೊದಲನೆಯ ಕಾರಣಕ್ಕೆ ಎರಡನೆಯದು ಮೆಟ್ಟಿಲಾಗಿತ್ತೇ ಎಂದು ಆ ಕಾಲದವರು ಸಂದೇಹಪಟ್ಟರು. ಈ ಕಾಲದವರೂ ಪಡುತ್ತಾರೆ. ರಾಣಿಯ ಕೃಪೆ ಮಗಳ ಮೇಲೆ ಬಿದ್ದರೆ ಅದರ ನೆರಳಿನಲ್ಲಿ ತನಗೂ ತಂಪು ಸಿಕ್ಕೀತೆಂದು ಅರಸ ಎಣಿಸಿದ್ದರೆ ಆಶ್ಚರ್ಯವಿಲ್ಲ. ಅನುಮತಿ ದೊರೆಯಿತು. 1852ರಲ್ಲಿ ತಂದೆ ಮಗಳು ಇಂಗ್ಲೆಂಡಿನ ತೀರವನ್ನು ಸೇರಿದರು. ಪಟ್ಟದಿಂದಿಳಿದವನಾದರೂ ಭಾರತದ ಅರಸನೊಬ್ಬ ಹೆಣ್ಣುಮಗಳೊಡನೆ ಕಡಲು ದಾಟಿ ಬಂದುದು ಲಂಡನ್ನಿನ ಜನಕ್ಕೆ ದೊಡ್ಡ ಕುತೂಹಲವಾಯಿತು.

ಆ ಬೇಸಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನವಾಯಿತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರೇ ವಿಧಿಯನ್ನು ನಡೆಸಿದರು. ವಿಕ್ಟೋರಿಯಾ ರಾಣಿ ತಾನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಆ ಬಾಲೆಗೆ ಕೊಟ್ಟಳು. ಹನ್ನೊಂದರ ಅಂಚಿನಲ್ಲಿದ್ದ ಹುಡುಗಿ ಅಂದಿನಿಂದ ವಿಕ್ಟೋರಿಯಾ ಗೌರಮ್ಮಳಾದಳು. ಶಿವನ ಮಡದಿಯ ಹೆಸರಿನ ಮುಂದೆ ಇಂಗ್ಲೆಂಡಿನ ರಾಣಿಯ ಹೆಸರು ಬಂದು ಕುಳಿತುಕೊಂಡಿತು. ಹಿಂದಿನ ಹೆಸರನ್ನು ಪೂರ್ತಿಯಾಗಿ ತೆಗೆದುಹಾಕದೆ ಉಳಿಸಿದುದನ್ನು ನಾನು ವಿಶೇಷವಾಗಿ ಗಮನಿಸಿದ್ದೇನೆ. ಕೊಡಗಿನ ರಾಜಕುಮಾರಿ ಎಂಬುದು ನೋಡುವವರಿಗೆ ಗೊತ್ತಾಗಬೇಕಿದ್ದರೆ ಆ ಹೆಸರು ಇರಲೇಬೇಕಿತ್ತು.

ಅದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ನಡೆಯುತ್ತಿದ್ದುದನ್ನೂ ಇಲ್ಲಿ ನೆನೆಯುವುದು ಯುಕ್ತ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದುದು ಕೊಡಗು ಬಿದ್ದ 1834ರಲ್ಲಿಯೇ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಬುನಾದಿ ಹಾಕಿದ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಮಂಗಳೂರಿನಿಂದ ಕೊಡಗಿಗೆ ಹೋಗಿ ನೆಲೆಸಿದ. ಆತ ಕೊಡಗಿನ ಜನರ ನಡುವೆ ಕನ್ನಡದಲ್ಲಿ ಮಾತನಾಡುತ್ತ, ಆ ನಾಡಿನ ಚರಿತ್ರೆಯನ್ನು ಸಂಗ್ರಹಿಸುತ್ತಿದ್ದ. ಕೊಡಗಿನ ಅರಸನ ಮಗಳು ಅದೇ ದಿನಗಳಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ನಡೆನುಡಿಗಳನ್ನು ಕಲಿಯುತ್ತಿದ್ದಳು. ಜರ್ಮನಿಯವನೊಬ್ಬ ನಮ್ಮವನಾಗುತ್ತಿದ್ದ ಹೊತ್ತಿಗೆ ನಮ್ಮವಳೊಬ್ಬಳು ನಮಗೆ ದೂರವಾಗುತ್ತಿದ್ದಳು. ಆತ ತಾನೇ ಆರಿಸಿಕೊಂಡು ಬಂದವನು, ಆಕೆಯನ್ನು ಕರೆದೊಯ್ದುದು. ಎರಡು ಪಯಣಗಳಿಗೂ ಇರುವ ವ್ಯತ್ಯಾಸ ಇಷ್ಟೆ.

ರಾಣಿಗೆ ಗೌರಮ್ಮನ ಮೇಲೆ ಪ್ರೀತಿಯಿರಲಿಲ್ಲವೆಂದರೆ ಅನ್ಯಾಯವಾದೀತು. ಅರಮನೆಯ ಚಿತ್ರಕಾರ ವಿಂಟರ್‌ಹಾಲ್ಟರನಿಂದ ಆಕೆಯ ವರ್ಣಚಿತ್ರವನ್ನು ಬರೆಸಿದಳು. ಮುಂದೆ ಶಿಲ್ಪಿ ಮರೋಕೆಟ್ಟಿಯಿಂದ ಅಮೃತಶಿಲೆಯ ಪ್ರತಿಮೆಯನ್ನೂ ಮಾಡಿಸಿದಳು. ಹುಡುಗಿಯ ಆರೋಗ್ಯ, ವಿದ್ಯಾಭ್ಯಾಸ, ಮದುವೆ ಇವೆಲ್ಲದರ ವಿಚಾರ ರಾಣಿಯ ಪತ್ರಗಳಲ್ಲಿ ಬರುತ್ತದೆ. ವಿಂಟರ್‌ಹಾಲ್ಟರನ ಚಿತ್ರದಲ್ಲಿ ಗೌರಮ್ಮ ಭಾರತೀಯ ಉಡುಪನ್ನು ಉಟ್ಟು ಒಡವೆಗಳನ್ನು ತೊಟ್ಟು ನಿಂತಿದ್ದಾಳೆ. ಅದರ ಮುದ್ರಿತ ಪ್ರತಿಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಚಿತ್ರಕಾರನಿಗೆ ಬಟ್ಟೆಯ ಹೊಳಪೂ ಒಡವೆಗಳ ಕಾಂತಿಯೂ ಚೆನ್ನಾಗಿ ಒದಗಿವೆ. ಆ ಮುಖ ಮಾತ್ರ ಇನ್ನೂ ಮಗುವಿನದು. ಹಾಗೆ ನಿಲ್ಲು ಎಂದವರ ಮಾತು ಕೇಳಿ ನಿಂತ ಮಗುವಿನ ಮುಖ.

ಆಕೆಯನ್ನು ತಂದೆಯ ಮನೆಯಲ್ಲಿ ಬೆಳೆಸಲಿಲ್ಲ. ಮೊದಲು ಡ್ರಮಂಡ್ ದಂಪತಿಗಳ ವಶಕ್ಕೂ, ಕೆಲವು ವರ್ಷಗಳ ಮೇಲೆ ಸರ್ ಜಾನ್ ಲಾಗಿನ್ ಮತ್ತು ಲೇಡಿ ಲಾಗಿನ್ ಇವರ ವಶಕ್ಕೂ ಒಪ್ಪಿಸಲಾಯಿತು. ಹಳೆಯ ನಂಬಿಕೆ, ಹಳೆಯ ಆಚಾರ ಮತ್ತೆ ಅಂಟಿಕೊಂಡಾವೆಂಬ ಭಯದಿಂದ ತಂದೆಯ ಒಡನಾಟವನ್ನು ಪೋಷಕರು ಆದಷ್ಟು ಕಡಮೆ ಮಾಡಿದರು. ಇಬ್ಬರೂ ಒಂದೇ ದೇಶದಲ್ಲಿದ್ದರು. ಕಡಲನ್ನೇ ಒಟ್ಟಿಗೆ ದಾಟಿ ಬಂದ ತಂದೆ ಮಗಳ ನಡುವೆ ಕೆಲವು ಬೀದಿಗಳು ದಾಟಲಾಗದ ಕಡಲಾದುವು. ಮಗಳನ್ನು ರಾಣಿಯ ಕೈಗೆ ಒಪ್ಪಿಸುವಾಗ ಅರಸ ಇದನ್ನು ನಿರೀಕ್ಷಿಸಿದ್ದನೋ ಇಲ್ಲವೋ. ಕೊಟ್ಟುದು ಕೊಟ್ಟುದೇ ಆಯಿತು. ಪ್ರತಿಯಾಗಿ ಬರಬೇಕಾದುದು ಬರಲಿಲ್ಲ.

ಲಾಗಿನ್ ದಂಪತಿಗಳ ಆಶ್ರಯದಲ್ಲಿ ಇನ್ನೊಬ್ಬ ರಾಜಸಂತಾನ ಬೆಳೆದಿತ್ತು. ಪಂಜಾಬಿನ ರಣಜಿತ್ ಸಿಂಗನ ಮಗ ದುಲೀಪ ಸಿಂಗ್. 1849ರಲ್ಲಿ ಹತ್ತು ವರ್ಷದ ಬಾಲಕನಾಗಿದ್ದಾಗ ರಾಜ್ಯವನ್ನೂ ಕೊಹಿನೂರ್ ವಜ್ರವನ್ನೂ ಕಳೆದುಕೊಂಡವನು. 1853ರಲ್ಲಿ ಕ್ರೈಸ್ತನಾಗಿ ಮರುವರ್ಷ ಇಂಗ್ಲೆಂಡಿಗೆ ಬಂದವನು. ಇಬ್ಬರೂ ರಾಜವಂಶದವರು, ಇಬ್ಬರೂ ಭಾರತೀಯರು, ಇಬ್ಬರೂ ಕ್ರೈಸ್ತರು. ಇವರಿಬ್ಬರಿಗೆ ಮದುವೆಯಾದರೆ ಎಷ್ಟು ಚೆನ್ನ ಎಂದು ರಾಣಿ ಯೋಚಿಸಿದಳು. ನಕಾಶೆಯನ್ನು ನೋಡಿ ಎರಡು ಊರುಗಳನ್ನು ಗೆರೆ ಎಳೆದು ಕೂಡಿಸುವಂತೆ ಈ ಯೋಚನೆಯೂ ದೂರದಿಂದ ಬಹಳ ಸರಳವಾಗಿ ಕಂಡಿರಬೇಕು. ಕೊಡಗಿಗೂ ಪಂಜಾಬಿಗೂ ನಡುವೆ ಭಾಷೆಯಿಲ್ಲ, ಆಚಾರವಿಲ್ಲ, ಬಳಕೆಯಿಲ್ಲ. ಇಬ್ಬರಿಗೂ ಸಮಾನವಾಗಿದ್ದುದು ಕಳೆದುಕೊಂಡ ರಾಜ್ಯವೊಂದೆ. ದುಲೀಪ ಸಿಂಗನು ಆಕೆಯ ವಿಷಯದಲ್ಲಿ ಸ್ನೇಹವನ್ನು ತೋರಿದರೂ ಮದುವೆಗೆ ಒಪ್ಪಲಿಲ್ಲ. ಗಂಡಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿತ್ತು. ಹೆಣ್ಣನ್ನು ಯಾರಾದರೂ ಕೇಳಿದ್ದರೇ ಎಂದು ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಇಲ್ಲಿ ಮತ್ತೆ ತಲೆಯೆತ್ತುತ್ತದೆ.

ರಾಣಿಯ ಪೋಷಣೆಯಲ್ಲಿ ಬೆಳೆದ ಹೊರನಾಡಿನ ಹುಡುಗಿ ಗೌರಮ್ಮ ಒಬ್ಬಳೇ ಅಲ್ಲ. ಪಶ್ಚಿಮ ಆಫ್ರಿಕದಿಂದ 1850ರಲ್ಲಿ ತರಲಾದ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬ ಅನಾಥ ಬಾಲೆಯನ್ನೂ ರಾಣಿ ಆದರದಿಂದ ಸಾಕಿಸಿದಳು. ಆಕೆಯೂ 1862ರಲ್ಲಿ, ಮೊದಲು ಇಷ್ಟವಿಲ್ಲದಿದ್ದರೂ, ಆಫ್ರಿಕ ಮೂಲದ ಒಬ್ಬ ವರ್ತಕನನ್ನು ಮದುವೆಯಾಗಬೇಕಾಯಿತು. ಸಾಮ್ರಾಜ್ಯದ ತಾಯಿಯ ಕೈ ಬೆಚ್ಚಗಿತ್ತು, ನಿಜ. ಆ ಕೈ ಹಿಡಿದ ಮಕ್ಕಳು ತಮಗೆ ಬೇಕಾದ ಕಡೆ ನಡೆಯಬಹುದಾಗಿತ್ತೆಂದು ಮಾತ್ರ ಹೇಳುವಂತಿಲ್ಲ.

1859ರ ಸೆಪ್ಟೆಂಬರ್ 24ರಂದು ಚಿಕ್ಕ ವೀರರಾಜೇಂದ್ರನು ಲಂಡನ್ನಿನಲ್ಲಿ ತೀರಿಕೊಂಡ. ಏಳು ವರ್ಷ ಪರದೇಶದಲ್ಲಿದ್ದು ಆತ ಹೋರಾಡಿದ ಹಣದ ವ್ಯಾಜ್ಯ ಆತನ ಮರಣಾನಂತರ ವಿಫಲವಾಯಿತು. ಅರಸನ ಹಣ ಯುದ್ಧದಲ್ಲಿ ರಾಜ್ಯದೊಡನೆ ಕಂಪೆನಿಯ ಕೈಸೇರಿದುದಾದ್ದರಿಂದ, ಒಂದು ರಾಜಶಕ್ತಿ ಇನ್ನೊಂದರ ಮೇಲೆ ನಡೆಸಿದ ಕಾರ್ಯವನ್ನು ವಿಚಾರಿಸಲು ದೇಶದ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂಬುದು ತೀರ್ಪಿನ ಸಾರ. ದೇವಮ್ಮಾಜಿಗೆಂದು ಇಟ್ಟ ಹಣ ದೇವಮ್ಮಾಜಿಗೂ ಸಿಗಲಿಲ್ಲ, ಅವಳ ರಾಜ್ಯವನ್ನು ಕಸಿದುಕೊಂಡವನ ಮಗನಿಗೂ ಸಿಗಲಿಲ್ಲ, ಆ ಮಗನ ಮಗಳಿಗೂ ಸಿಗಲಿಲ್ಲ. ಹಾಲೇರಿಯ ಮೂರು ತಲೆಗಳ ಮನೆಜಗಳಕ್ಕೆ ಮೂರನೆಯವನೊಬ್ಬ ತೀರ್ಪು ಕೊಟ್ಟು ಗಂಟನ್ನು ತಾನೇ ಇಟ್ಟುಕೊಂಡಂತಾಯಿತು.

ತಂದೆ ಸತ್ತ ಮರುವರ್ಷ, 1860ರಲ್ಲಿ, ಗೌರಮ್ಮನ ಮದುವೆಯಾಯಿತು. ವರ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಪ್‌ಬೆಲ್. ಲೇಡಿ ಲಾಗಿನ್‌ಳ ಸೋದರ. ಮದರಾಸಿನ ಸೈನ್ಯದಲ್ಲಿ ಸೇವೆ ಮಾಡಿದವನು, ಹೆಂಡತಿಯನ್ನು ಕಳೆದುಕೊಂಡವನು, ವಧುವಿಗಿಂತ ಮೂವತ್ತು ವರ್ಷಗಳಷ್ಟು ಹಿರಿಯ. ವಧುವಿಗೆ ಹತ್ತೊಂಬತ್ತು. ತಂದೆಯ ವಯಸ್ಸಿನವನನ್ನು ಆಕೆ ಒಲಿದು ಮದುವೆಯಾದಳೆಂದು ಬರೆದವರೂ ಇದ್ದಾರೆ, ಬೇರೆ ದಾರಿ ಕಾಣದೆ ಆದಳೆಂದು ಬರೆದವರೂ ಇದ್ದಾರೆ. ನಾನು ಎರಡನ್ನೂ ಓದಿ ಎರಡನ್ನೂ ಪಕ್ಕಕ್ಕಿಟ್ಟೆ. ತಂದೆಯಿಂದ ಹತ್ತನೆಯ ವಯಸ್ಸಿಗೇ ಬೇರ್ಪಟ್ಟು, ಪರರ ಮನೆಗಳಲ್ಲಿ ವರ್ಷಗಳನ್ನು ಕಳೆದ ಹುಡುಗಿ ತನ್ನದೆಂಬ ಒಂದು ಮನೆಯನ್ನು ಬಯಸಿರಬಹುದು. ಹಾಗೆ ಬಯಸಿದ್ದರೆ ಅದು ಒಲವೋ ಅನಿವಾರ್ಯವೋ ಎಂದು ತಕ್ಕಡಿ ಹಿಡಿಯುವ ಅಧಿಕಾರ ನಮಗಾರಿಗೂ ಇಲ್ಲ.

1861ರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್ ಎಂದು ಮಗುವಿಗೆ ಹೆಸರಿಟ್ಟರು. ತಾಯ್ತನದ ಸುಖ ಬಹುಕಾಲ ಉಳಿಯಲಿಲ್ಲ. ಕ್ಷಯರೋಗ ಆಕೆಯನ್ನು ಹಿಡಿಯಿತು. 1864ರ ವಸಂತದ ಹೊಸ್ತಿಲಲ್ಲಿ, ಇಪ್ಪತ್ಮೂರು ತುಂಬುವ ಮೊದಲೇ, ಗೌರಮ್ಮ ಲಂಡನ್ನಿನಲ್ಲಿ ಕಣ್ಮುಚ್ಚಿದಳು. ಬ್ರಾಂಪ್ಟನ್ ರುದ್ರಭೂಮಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು. ಆಕೆ ಸತ್ತು ಮೂರು ತಿಂಗಳು ತುಂಬುವ ಮೊದಲು ದುಲೀಪ ಸಿಂಗನು ಈಜಿಪ್ತಿನ ಅಲೆಕ್ಸಾಂಡ್ರಿಯಾದಲ್ಲಿ ಬಂಬಾ ಮುಲ್ಲರ್ ಎಂಬವಳನ್ನು ಮದುವೆಯಾದ. ಗೌರಮ್ಮನ ಗಂಡ ಕ್ಯಾಂಪ್‌ಬೆಲ್ಲನು ಕೆಲವು ವರ್ಷಗಳಲ್ಲಿ ಒಮ್ಮೆಗೇ ಕಣ್ಮರೆಯಾದನೆಂದೂ, ಆತನೊಡನೆ ಕೊಡಗಿನ ಒಡವೆಗಳೂ ಮಾಯವಾದುವೆಂದೂ ಹೇಳುತ್ತಾರೆ. ತಬ್ಬಲಿಯಾಗಿ ಬೆಳೆದ ಎಡಿತ್ ಮುಂದೆ ಹೆನ್ರಿ ಯಾರ್ಡ್ಲಿ ಎಂಬವನನ್ನು ಮದುವೆಯಾಗಿ ಒಬ್ಬ ಮಗನ ತಾಯಿಯಾದಳು. ಹಾಲೇರಿಯ ನೆತ್ತರು ಇಂಗ್ಲಿಷ್ ಹೆಸರುಗಳ ಕೆಳಗೆ ಹರಿದು ಮುಂದೆ ಸಾಗಿತು.

ಮಡಿಕೇರಿಗೆ ಹೋದವರು ಅಲ್ಲಿಯ ಗದ್ದಿಗೆಯನ್ನು ನೋಡಿರುತ್ತಾರೆ. ದೊಡ್ಡ ವೀರರಾಜೇಂದ್ರನದೂ ಲಿಂಗರಾಜನದೂ ಸಮಾಧಿಗಳು ಗುಮ್ಮಟ ಮಿನಾರುಗಳಿಂದ ಕೂಡಿ ಗಂಭೀರವಾಗಿ ನಿಂತಿವೆ. ಅಲ್ಲಿ ಚಿಕ್ಕ ವೀರರಾಜೇಂದ್ರನಿಲ್ಲ. ಗೌರಮ್ಮನಂತೂ ಇಲ್ಲವೇ ಇಲ್ಲ. ತಂದೆಗೆ ಕಾದಂಬರಿಯೊಂದು ದೊರೆಯಿತು. ಅದು ಒಂದು ಬಗೆಯ ಗದ್ದಿಗೆಯೇ. ಮಗಳ ಪಾಲಿಗೆ ದೂರದ ಊರಿನ ಒಂದು ಕಲ್ಲು, ಅರಮನೆಯ ಗೋಡೆಯ ಮೇಲೊಂದು ಚಿತ್ರ.

ಇಷ್ಟನ್ನು ತಿಳಿದುಕೊಂಡ ಮೇಲೆ, ಹಲವು ವರ್ಷಗಳಿಂದ ತರಗತಿಯಲ್ಲಿ ನಾನು ಹೇಳುತ್ತ ಬಂದ ಒಂದು ಮಾತನ್ನು ತಿದ್ದಿಕೊಳ್ಳಬೇಕಾಯಿತು. ಚಿಕ್ಕ ವೀರರಾಜೇಂದ್ರನು ರಾಜ್ಯವನ್ನು ಮಾರಿಕೊಂಡಂತೆ ಮಗಳನ್ನೂ ಮಾರಿಕೊಂಡನೆಂದು ನಾನು ಹೇಳುತ್ತಿದ್ದೆ. ಕೇಳಲು ಅದು ಗಟ್ಟಿಯಾದ ಮಾತು; ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಈಗ ಅದನ್ನು ಹೇಳುವ ಧೈರ್ಯ ನನಗಿಲ್ಲ. ಕಾಶಿಯಲ್ಲಿದ್ದಿದ್ದರೆ ಆ ಹುಡುಗಿಗೆ ಏನು ಕಾದಿತ್ತು? ಅಕ್ಕನಂತೆ ಯಾವುದೋ ಅರಮನೆಯ ಹಲವು ರಾಣಿಯರಲ್ಲಿ ಒಬ್ಬಳಾಗುವುದು, ಇಲ್ಲವೇ ಸೆರೆಯಾಳಿನ ಮಗಳಾಗಿಯೇ ಮುದುಕಿಯಾಗುವುದು. ವಿದ್ಯೆಯೂ ರಾಣಿಯ ರಕ್ಷಣೆಯೂ ಮಗಳಿಗೆ ಸಿಗಲೆಂದು ತಂದೆ ಬಯಸಿದ್ದರೆ ಅದು ಅಪರಾಧವಲ್ಲ. ಸ್ವಾರ್ಥವೂ ವಾತ್ಸಲ್ಯವೂ ಒಂದೇ ಎದೆಯಲ್ಲಿ ಬೆರೆತು ಇರಬಲ್ಲುವು. ಅವುಗಳಲ್ಲಿ ಯಾವುದು ಹಾಲು, ಯಾವುದು ನೀರು ಎಂದು ಬೇರ್ಪಡಿಸಲು ನಾವು ಹಂಸಗಳಲ್ಲ. ರಾಣಿಯ ವಿಷಯದಲ್ಲಿಯೂ ಇದೇ ಮಾತು. ಲೇಡಿ ಲಾಗಿನ್‌ಳ ವಿಷಯದಲ್ಲಿಯೂ ಇದೇ. ಗೌರಮ್ಮನನ್ನು ಪ್ರೀತಿಸದವರು ಯಾರೂ ಇರಲಿಲ್ಲ. ಪ್ರೀತಿಸಿದ ಪ್ರತಿಯೊಬ್ಬರಿಗೂ ಆಕೆಯಿಂದ ಆಗಬೇಕಾದ ಕೆಲಸವೊಂದಿತ್ತು. ದುರಂತವೆನ್ನುವುದಾದರೆ ಅದು ಇಲ್ಲಿದೆಯೆಂದು ನನಗೆ ತೋರುತ್ತದೆ. ಕ್ರೂರಿಗಳ ನಡುವೆ ಸಿಕ್ಕಿದವಳಿಗಾಗಿ ಲೋಕ ಮರುಗುತ್ತದೆ. ಹಿತೈಷಿಗಳ ನಡುವೆ ಸಿಕ್ಕಿದವಳ ನೋವು ಕಣ್ಣಿಗೆ ಬೀಳುವುದೇ ಇಲ್ಲ.

ದುಲೀಪ ಸಿಂಗನ ಮಕ್ಕಳಲ್ಲಿ ಸೋಫಿಯಾ ಎಂಬ ಮಗಳೊಬ್ಬಳು ಹುಟ್ಟಿದುದು 1876ರಲ್ಲಿ. ಆಕೆಗೂ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಹ್ಯಾಂಪ್ಟನ್ ಕೋರ್ಟ್ ಅರಮನೆಯ ಆವರಣದಲ್ಲಿ ರಾಣಿ ಕೊಟ್ಟ ಮನೆಯಲ್ಲಿ ವಾಸಿಸುತ್ತಿದ್ದ ಆ ರಾಜಕುಮಾರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಬೀದಿಗಿಳಿದಳು. 1910ರ ನವೆಂಬರ್ 18ರಂದು ಪಾರ್ಲಿಮೆಂಟಿನ ಬಾಗಿಲಿಗೆ ನಡೆದ ಮಹಿಳೆಯರ ಮುಂಚೂಣಿಯಲ್ಲಿ ಆಕೆಯಿದ್ದಳು. ಆಡಳಿತದಲ್ಲಿ ಪಾಲಿಲ್ಲದವಳು ತೆರಿಗೆ ಏಕೆ ಕೊಡಬೇಕೆಂದು ವಾದಿಸಿ ತೆರಿಗೆಯನ್ನು ತಡೆದಳು. ಸರಕಾರ ಆಕೆಯ ಒಡವೆಗಳನ್ನು ಜಪ್ತಿ ಮಾಡಿತು. ಅರಮನೆಯ ಹೊರಗೆ ನಿಂತು ಮತಹಕ್ಕಿನ ಪತ್ರಿಕೆಯನ್ನು ಮಾರಿದಳು. 1948ರಲ್ಲಿ ಆಕೆ ತೀರಿಕೊಂಡಾಗ ಅವಳ ತಂದೆಯ ನಾಡು ಸ್ವತಂತ್ರವಾಗಿತ್ತು. ರಾಣಿ ಬಯಸಿದಂತೆ ನಡೆದಿದ್ದರೆ ದುಲೀಪ ಸಿಂಗನ ಮನೆಯನ್ನು ತುಂಬಬೇಕಾಗಿದ್ದವಳು ಗೌರಮ್ಮ. ಒಬ್ಬ ಧರ್ಮಪುತ್ರಿಗೂ ಇನ್ನೊಬ್ಬ ಧರ್ಮಪುತ್ರಿಗೂ ನಡುವೆ ಒಂದು ತಲೆಮಾರಿನ ಅಂತರ. ಮೊದಲನೆಯವಳಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ಎರಡನೆಯವಳು ಯಾರೂ ಕೇಳುವವರೆಗೆ ಕಾಯಲಿಲ್ಲ.

ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಈಗಲೂ ಚಿಕ್ಕದು. ಗೌರಮ್ಮನನ್ನು ಕುರಿತು ನಮಗೆ ಉಳಿದುಬಂದಿರುವುದು ಬಹುಮಟ್ಟಿಗೆ ಬೇರೆಯವರ ಮಾತು: ರಾಣಿಯ ಪತ್ರಗಳು, ಪೋಷಕರ ನೆನಪುಗಳು, ಚಿತ್ರಕಾರನ ಬಣ್ಣ, ವಕೀಲರ ವಾದ. ಅವುಗಳ ಆಚೆ ಕಾಣುವ ಗುರುತು ಒಂದೇ. ತಾನು ಪಡೆದ ಮಗುವಿನ ಹೆಸರಿನಲ್ಲಿ ಗೌರಮ್ಮ ಎಂಬ ಮಾತು ಉಳಿದುಕೊಂಡಿತು. ಮೊದಲನೆಯ ಸಲ ಆ ಹೆಸರು ಉಳಿದುದು ರಾಣಿಯ ಅರಮನೆಯಲ್ಲಿ, ನೋಡುವವರಿಗಾಗಿ. ಎರಡನೆಯ ಸಲ ಉಳಿದುದು ಮನೆಯ ತೊಟ್ಟಿಲಲ್ಲಿ. ಅಲ್ಲಿ ಅದನ್ನು ನೋಡಿ ಮೆಚ್ಚಬೇಕಾದ ಆಸ್ಥಾನವಿರಲಿಲ್ಲ. ತಾಯಿಯ ಮನಸ್ಸಿಲ್ಲದೆ ಆ ಹೆಸರು ಅಲ್ಲಿಗೆ ಬಂದಿರಲಾರದೆಂದು ನಾನು ನಂಬುತ್ತೇನೆ. ಇದು ಚರಿತ್ರಕಾರನ ನಿರ್ಣಯವಲ್ಲ, ಅಧ್ಯಾಪಕನೊಬ್ಬನ ನಂಬಿಕೆ ಮಾತ್ರ. ಓದುಗರು ಒಪ್ಪಲೇಬೇಕೆಂದೇನೂ ಇಲ್ಲ.

ಮೊನ್ನೆ ಸಂಜೆ ಬಾವುಟಗುಡ್ಡದ ಏರಿನ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದೆ. ಹೆಂಚಿನ ಮಾಡುಗಳೂ ತೆಂಗಿನ ತಲೆಗಳೂ ಈಗ ಎತ್ತರದ ಕಟ್ಟಡಗಳ ನಡುವೆ ಅಡಗಿವೆ. ಆದರೂ ಸಂದಿನಲ್ಲಿ ಕಡಲಿನ ಒಂದು ಗೆರೆ ಕಾಣುತ್ತದೆ. ಹಾಲೇರಿಯ ಹೆಸರು ಹೇಳಿ ಇಲ್ಲಿ ಬಾವುಟ ಏರಿಸಿದವರು ಆ ಗೆರೆಯನ್ನು ನೋಡಿರಬೇಕು. ಅವರ ಅರಸನ ಮಗಳು ಅದೇ ಕಡಲಿನ ಆಚೆ ದಡದಲ್ಲಿ, ಅವರ ಹೆಸರನ್ನೂ ಕೇಳದೆ ಬಾಳ್ವೆಯನ್ನು ಮುಗಿಸಿದಳು. ಈ ವರ್ಷ ಕಾದಂಬರಿಯ ಪಾಠ ಮತ್ತೆ ಬರುತ್ತದೆ. ಕೊನೆಯ ದಿನ ಪುಸ್ತಕ ಮಡಚಿದ ಮೇಲೆ ಗಂಟೆ ಬಾರಿಸುವುದಕ್ಕೆ ಮೊದಲು ಹತ್ತು ನಿಮಿಷಗಳನ್ನು ಗೌರಮ್ಮನಿಗಾಗಿ ಉಳಿಸಿಕೊಳ್ಳಬೇಕೆಂದಿದ್ದೇನೆ. ಉತ್ತರ ಹೇಳುವುದಕ್ಕಲ್ಲ, ಆ ಪ್ರಶ್ನೆಯನ್ನು ಈ ಸಲ ನಾನೇ ಕೇಳುವುದಕ್ಕೆ.